ಮಬ್ಬುಗಿರಿಯ ರಾಣಿ ವಿಡಿಯೊ ಕಾಲ್ ಮಾಡುವ ಮುಂಚೆ

ತಮ್ಮಾ, ನಮ್ಮ ಕಥೆ ಬರೆಯುವವರ ಗುಂಪಿನಲ್ಲಿ ನೀನು ಹಾಕಿದ, ನಿನ್ನ ಕಾದಂಬರಿಯ ಕಾಲ್ಪನಿಕ ‘ಮಬ್ಬುಗಿರಿ’ ಗ್ರಹಮಂಡಲದ ನಕ್ಷೆ ನೋಡಿದೆ. ಕೆಂಪು ಕುಬ್ಜ ನಕ್ಷತ್ರ (ಸೂರ್ಯನಿಗಿಂತ ಚಿಕ್ಕದು, ಮಂದ ಬೆಳಕಿನದು), ಹತ್ತಿರದಲ್ಲೇ ನಾಲ್ಕು ಗ್ರಹ, ದೂರದ ಅಂಚಿನಲ್ಲಿ ಮಂಜುಗಡ್ಡೆ ಗಣಿ. ಚೆನ್ನಾಗಿದೆ. ಆದರೆ ರಾಣಿ ಅರಮನೆಯಲ್ಲಿ ಕೂತು ಗಣಿಯವರ ಜೊತೆ ವಿಡಿಯೊ ಕಾಲಿನಲ್ಲಿ ಜಗಳ ಆಡುತ್ತಾಳಲ್ಲ, ಅಲ್ಲಿ ನನ್ನ ಹಳೇ ಗಾಯ ಕೆರೆದ ಹಾಗಾಯಿತು.

ನಾನೂ ಹಾಗೇ 18 ಅಧ್ಯಾಯ ಬರೆದಿದ್ದೆ. ಪಿಯುಸಿ ಓದುವ ಅಣ್ಣನ ಮಗಳು ಓದಿ, “ಚಿಕ್ಕಪ್ಪ, ನೆಪ್ಚೂನ್‌ನಷ್ಟು ದೂರ ಅಂತೀರಿ. ಬೆಳಕು ಮುಟ್ಟೋಕೇ 4 ಗಂಟೆ ಬೇಕು. ಇವರು ಮಾತಿಗೆ ಮಾತು ಹೇಗೆ ಕೊಡ್ತಾರೆ?” ಅಂದಳು. ಅಷ್ಟೇ, 11 ಅಧ್ಯಾಯ ಕಸಕ್ಕೆ ಹೋಯಿತು.

ಅವತ್ತಿನಿಂದ ನಾನು ಕಿಲೋಮೀಟರ್ ಬರೆಯುವುದೇ ಇಲ್ಲ. ದಾರ ಕಟ್ಟುತ್ತೇನೆ. ಬೆಳಕು ಒಂದು ನಿಮಿಷದಲ್ಲಿ ಹೋಗುವ ದೂರಕ್ಕೆ ಒಂದು ಗೇಣು ಅಂತ ಲೆಕ್ಕ. ಟ್ರಾಪಿಸ್ಟ್-1 ಅನ್ನುವ ನಿಜವಾದ ಕೆಂಪು ಕುಬ್ಜಕ್ಕೆ 7 ಗ್ರಹ ಇವೆ. ಈ ಲೆಕ್ಕದಲ್ಲಿ ಏಳೂ ಹೆಚ್ಚುಕಡಿಮೆ ಅರ್ಧ ಗೇಣಿನಲ್ಲೇ ಬಂದವು. ಅಂದರೆ ಒಳಗ್ರಹಗಳವರು ಹರಟೆ ಹೊಡೆಯಬಹುದು, ಸ್ವಲ್ಪ ತಡವರಿಸುತ್ತೆ ಅಷ್ಟೇ. ಆದರೆ ನನ್ನ ಮಂಜುಗಡ್ಡೆ ಗಣಿಗೆ 240 ಗೇಣು! ಬಂಗಾರಪೇಟೆಯ ನಮ್ಮ ಮನೆ ಹಾಲ್‌ನಿಂದ ಹೊರಟ ದಾರ ಗೇಟು ದಾಟಿ ಎದುರು ಬೀದಿಯ ಹಾಲಿನ ಡೈರಿ ಮುಟ್ಟಿತು. ನೈಲಾನ್ ಬೇಡ, ಗಂಟು ಜಾರುತ್ತೆ. ಹೂ ಕಟ್ಟುವ ದಾರವೇ ಸರಿ. ನಕ್ಷೆ ಬಿಡಿಸುವ ಒಂದು ಆ್ಯಪ್‌ಗೆ ದುಡ್ಡು ಕೊಟ್ಟು ಕೆಟ್ಟಿದ್ದೇನೆ, ನೀನು ಕೊಡಬೇಡ. ಲೆಕ್ಕಕ್ಕೆ ಲಿಬ್ರೆ ಆಫೀಸ್, ಆಕಾಶ ನೋಡೋಕೆ ಸ್ಟೆಲೇರಿಯಂ. ಎರಡೂ ಪುಕ್ಕಟೆ, ನನಗೆ ಧಾರಾಳ ಸಾಕು.

ಈಗ ನಿನ್ನ ಜಗಳ. ನಿನ್ನ ಗಣಿಯೂ ಅಷ್ಟೇ ದೂರ ಅಂದುಕೋ, ಹೋಗೋಕೆ 4 ಗಂಟೆ, ಬರೋಕೆ 4 ಗಂಟೆ. ರಾಣಿ ಬೈದದ್ದಕ್ಕೆ ಉತ್ತರ ಬರೋದು 8 ಗಂಟೆ ಆದ ಮೇಲೆ. ಅಷ್ಟರಲ್ಲಿ ಅವಳು ಊಟ ಮಾಡಿ ಮಲಗಿರುತ್ತಾಳೆ, ಗಣಿಯಲ್ಲಿ ಮುಷ್ಕರ ಮುಗಿದೇ ಹೋಗಿರುತ್ತೆ. ಇದನ್ನೇ ಕಥೆ ಮಾಡು. ಬೆಳಕಿಗಿಂತ ಜೋರಾಗಿ ಹೋಗುವ ಹಡಗು ಇಟ್ಟಿದ್ದೀಯ ಅಂದರೆ ಬೇರೆ ಮಾತು. ಆಗ ಸುದ್ದಿಯನ್ನು ಹಡಗೇ ಟಪಾಲಿನ ಥರ ಹೊರಬೇಕು. ರೇಡಿಯೊ ಮಾತ್ರ ಬೆಳಕಿನ ಹಳೇ ವೇಗದಲ್ಲೇ ಇರಲಿ. ಎರಡನ್ನೂ ಕಲಸಬೇಡ, ಎಷ್ಟು ಸಲ ಹೇಳೋದು ಈ ಗುಂಪಿನಲ್ಲಿ!

ಇನ್ನೊಂದು. “ಬೆಳಗಿನ ಜಾವ” ಅಂತ ಬರೆದಿದ್ದೀಯ. ಅಷ್ಟು ಹತ್ತಿರ ಸುತ್ತುವ ಗ್ರಹ ಬಹುಮಟ್ಟಿಗೆ ಒಂದೇ ಮುಖ ನಕ್ಷತ್ರಕ್ಕೆ ತೋರಿಸಿಕೊಂಡಿರುತ್ತೆ. ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ರಾತ್ರಿ. ಜಾವ ಎಲ್ಲಿಂದ ಬರಬೇಕು? ನಮ್ಮ ತಾತ ಕೆಜಿಎಫ್‌ನಲ್ಲಿ ನೆಲದಡಿ ಕೆಲಸ ಮಾಡಿದವರು. ಅಲ್ಲಿ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ ಇಳಿದಿತ್ತು. ಕೆಳಗೆ ಸೂರ್ಯ ಇಲ್ಲ, ಶಿಫ್ಟ್ ಬದಲಾದರೆ ದಿನ ಬದಲಾದ ಹಾಗೆ. ನಿನ್ನ ಊರಿಗೂ ಶಿಫ್ಟ್ ಲೆಕ್ಕ ಕೊಡು. ಮನೆಗಳನ್ನೂ ನೆಲದಡಿ ಇಳಿಸು, ಕೆಂಪು ಕುಬ್ಜಗಳು ಆಗಾಗ ಜ್ವಾಲೆ ಉಗುಳುತ್ತವೆ. ಹಾಂ, ಗಣಿ ಅಂದಮೇಲೆ ಕಸ ಎಲ್ಲಿ ಸುರಿಯುತ್ತಾರೆ? ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದರೂ ಸೈನೈಡ್ ಗುಡ್ಡಗಳು (ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ರಾಶಿ) ಹಾಗೇ ನಿಂತಿವೆ, ಗಾಳಿ ಬಂದರೆ ಧೂಳು ಮನೆಗಳಿಗೆ ನುಗ್ಗುತ್ತೆ. ಒಂದು ಭಾನುವಾರ ಹೋಗಿ ನೋಡಿಕೊಂಡು ಬಾ.

ವಯಸ್ಸೂ ನೋಡಿಕೋ. ಟ್ರಾಪಿಸ್ಟ್‌ನ ಒಂದು ಗ್ರಹಕ್ಕೆ ವರ್ಷ ಅಂದರೆ ನಮ್ಮ 6 ದಿನ. ಅಲ್ಲಿ “20 ವರ್ಷದ ಯೋಧ” ಅಂದರೆ ನಾಲ್ಕು ತಿಂಗಳ ಕೂಸು. ವಾರಕ್ಕೊಂದು ಯುಗಾದಿ ಬೇರೆ, ಹೋಳಿಗೆ ಯಾರು ಮಾಡ್ತಾರೆ?

ಮೊದಲು ದಾರ ಕಟ್ಟಿ ಫೋಟೊ ಹಾಕು, ಮಿಕ್ಕಿದ್ದು ಆಮೇಲೆ. ಹೂವಿನ ದಾರ ಎಲ್ಲೋಯ್ತು ಅಂತ ಅಮ್ಮ ಕೇಳಿದರೆ ನನ್ನ ಹೆಸರು ಹೇಳಬೇಡ.