ಮೈನರ್ ಲೀಗ್ ಹುಡುಗರಲ್ಲಿ ಯಾರು ಮೇಲೆ ಬರುತ್ತಾರೆ? ಅಂಕಿಗೂ ಮೊದಲು ವಯಸ್ಸು ನೋಡಿ

ಫ್ಯಾಂಟಸಿ ಲೀಗಿಗಾಗಿ (ನಿಜವಾದ ಆಟಗಾರರನ್ನು ಆರಿಸಿಕೊಂಡು ಅವರ ಅಂಕಿಗಳ ಮೇಲೆ ಆಡುವ ಆಟ) ಅಮೆರಿಕದ ಮೈನರ್ ಲೀಗ್, ಅಂದರೆ ಮೇಜರ್ ಲೀಗಿಗಿಂತ ಕೆಳಗಿನ ಹಂತಗಳ ಬೇಸ್‌ಬಾಲ್ ಆಟಗಾರರ ಬ್ಯಾಟಿಂಗ್ ಸರಾಸರಿ, ಹೋಮ್ ರನ್, ಚೆಂಡು ಎಸೆಯುವ ಪಿಚರ್‌ಗಳ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬೀಳುವ ಸರಾಸರಿ ರನ್) ಎಲ್ಲ ಎಕ್ಸೆಲ್‌ನಲ್ಲಿ ಹಾಕಿದ್ದೀರಿ. ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನಗೆ 2012ರ ಬೇಸಿಗೆ ಕಣ್ಣ ಮುಂದೆ ಬಂತು. ಇಂಥದ್ದೇ ಒಂದು ಎಕ್ಸೆಲ್ ನನ್ನ ಹತ್ತಿರವೂ ಇತ್ತು.

ಆಗ ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ನಾಲ್ಕು ವರ್ಷ. ಆಫೀಸಿನ ಹನ್ನೆರಡು ಜನ ಸೇರಿ ಡೈನಸ್ಟಿ ಲೀಗ್ ಆಡುತ್ತಿದ್ದೆವು. ಅದರಲ್ಲಿ ಒಬ್ಬ ಆಟಗಾರ ಒಮ್ಮೆ ನಮ್ಮವನಾದರೆ, ನಾವಾಗಿ ಬಿಡುವವರೆಗೂ ನಮ್ಮವನೇ. ಹಾಗಾಗಿ ಇನ್ನೂ ಕೆಳಗೆ ಆಡುತ್ತಿರುವ ಹುಡುಗರನ್ನು ಈಗಲೇ ಹಿಡಿದಿಟ್ಟುಕೊಳ್ಳಬೇಕು. ನನಗೆ ಅದರ ಹುಚ್ಚು ಜಾಸ್ತಿ. ಊರಲ್ಲೇ ಕ್ಯಾಲಿಫೋರ್ನಿಯಾ ಲೀಗ್ ಅನ್ನುವ ಮೈನರ್ ಲೀಗಿನ ತಂಡ, ಸ್ಯಾನ್ ಹೋಸೆ ಜೈಂಟ್ಸ್ ಇತ್ತು. 1942ರ ಹಳೆಯ ಸ್ಟೇಡಿಯಂ, ಬಾರ್ಬೆಕ್ಯೂ ಹೊಗೆ, ಕಡಿಮೆ ಟಿಕೆಟ್. ಮುಂದೆ ಮೇಜರ್ ಲೀಗಿನಲ್ಲಿ ಹೆಸರು ಮಾಡಿದ ಬಸ್ಟರ್ ಪೋಸಿ, ಮ್ಯಾಡಿಸನ್ ಬಮ್‌ಗಾರ್ನರ್ ಇಬ್ಬರೂ 2009ರಲ್ಲಿ ಆಡಿ ಹೋದ ಜಾಗ. ವಾರಕ್ಕೆ ಎರಡು ಸಲವಾದರೂ ಹೋಗುತ್ತಿದ್ದೆ.

2011ರಲ್ಲಿ ಏನಾಯಿತು ಅಂದರೆ, ಹೋಸೆ ಆಲ್ಟೂವೆ ಬಂದ. ಐದೂವರೆ ಅಡಿ ಎತ್ತರದ ವೆನೆಜುವೆಲಾ ಹುಡುಗ. ಬರೀ 15,000 ಡಾಲರ್‌ಗೆ ಮೇಜರ್ ಲೀಗ್ ತಂಡ ಹ್ಯೂಸ್ಟನ್ ಆಸ್ಟ್ರೋಸ್ ಸೇರಿದವನು. ಅದೇ ಕ್ಯಾಲಿಫೋರ್ನಿಯಾ ಲೀಗಿನಲ್ಲಿದ್ದ ಅವರ ಲ್ಯಾಂಕಾಸ್ಟರ್ ತಂಡದಲ್ಲಿ .408 ಸರಾಸರಿ ಹೊಡೆದು (ನೂರು ಸಲಕ್ಕೆ ಸುಮಾರು 41 ಹಿಟ್; .300 ದಾಟಿದರೇ ಒಳ್ಳೆಯದು), ಜುಲೈ ಹೊತ್ತಿಗೆ ಮೇಜರ್ ಲೀಗಿನಲ್ಲಿದ್ದ. ನಮ್ಮ ಲೀಗಿನಲ್ಲಿ ಅವನನ್ನು ಬೇರೆಯವರು ಹಿಡಿದಿದ್ದರು. ನನಗೆ ಅದು ಬಹಳ ಕೊರೆಯಿತು. ಲ್ಯಾಂಕಾಸ್ಟರ್‌ನಿಂದ ಬರುವ ಮುಂದಿನವನು ನನ್ನವನೇ ಅಂತ ತೀರ್ಮಾನ ಮಾಡಿಬಿಟ್ಟೆ.

ಮುಂದಿನ ವರ್ಷ ಒಬ್ಬ ಸಿಕ್ಕ. ಹೆಸರು ಹೇಳುವುದಿಲ್ಲ, ಅವನದೇನೂ ತಪ್ಪಿಲ್ಲ. ಜೂನ್ ಹೊತ್ತಿಗೆ ಸರಾಸರಿ .300ಕ್ಕಿಂತ ಎಷ್ಟೋ ಮೇಲೆ, ಹೋಮ್ ರನ್ ಪಟ್ಟಿಯಲ್ಲೂ ಮೇಲೆ. ನನ್ನ ಎಕ್ಸೆಲ್‌ನಲ್ಲಿ ಮೊದಲ ಸಾಲು ಅವನದೇ. ಅವನಿಗಾಗಿ ನನ್ನ ಹತ್ತಿರವಿದ್ದ ಇಪ್ಪತ್ತು ವರ್ಷದ ಶಾರ್ಟ್‌ಸ್ಟಾಪ್‌ನನ್ನು (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಕೊಟ್ಟೆ. ಆ ಹುಡುಗ ಡಬಲ್-ಎಯಲ್ಲಿ, ಅಂದರೆ ಲ್ಯಾಂಕಾಸ್ಟರ್‌ಗಿಂತ ಒಂದು ಮೆಟ್ಟಿಲು ಮೇಲಿನ ಹಂತದಲ್ಲಿ, .250ರ ಆಸುಪಾಸು ಹೊಡೆಯುತ್ತಿದ್ದ, ಹೋಮ್ ರನ್ ಆರೋ ಏಳೋ. ಟ್ರೇಡ್ ಒಪ್ಪುವ ಮೊದಲು ಹುಬ್ಬಳ್ಳಿಯ ಗೆಳೆಯ ಎರಡು ಸಲ ಕೇಳಿದ, "ಖರೇನ ಕೊಡಾಕತ್ತೀಯೇನಲೇ ಅವನ್ನ?" ಖರೇನೇ ಕೊಟ್ಟೆ.

ನಾನು ತೆಗೆದುಕೊಂಡವನು ಮುಂದಿನ ವರ್ಷ ಡಬಲ್-ಎಗೆ ಹೋದ, ಅಲ್ಲೇ ನಿಂತ. ಎರಡು ವರ್ಷದಲ್ಲಿ ಆಟದಿಂದಲೇ ಹೊರಗೆ ಹೋದ. ನಾನು ಕೊಟ್ಟವನು ಮೇಜರ್ ಲೀಗಿನಲ್ಲಿ ವರ್ಷಗಟ್ಟಲೆ ಶಾರ್ಟ್‌ಸ್ಟಾಪ್ ಆಡಿದ. ಗೆಳೆಯ ಅವನನ್ನಿಟ್ಟುಕೊಂಡು ಎರಡು ಸಲ ಲೀಗ್ ಗೆದ್ದ.

ಈ ತಪ್ಪನ್ನು ನಾನು ಬಿಡಿಸಿ ಬಿಡಿಸಿ ನೋಡಿದ್ದೇನೆ. ನಿಮಗೂ ಅಷ್ಟೇ ಬಿಡಿಸಿ ಹೇಳುತ್ತೇನೆ.

ಮೊದಲು ವಯಸ್ಸು. ನನ್ನ ಎಕ್ಸೆಲ್‌ನಲ್ಲಿ ಹದಿನಾಲ್ಕು ಕಾಲಂ ಇದ್ದವು. ಹುಟ್ಟಿದ ದಿನದ ಕಾಲಂ ಇರಲಿಲ್ಲ. ನಾನು ಆರಿಸಿದವನಿಗೆ ಆಗಲೇ ಇಪ್ಪತ್ನಾಲ್ಕು. ಪೂರ್ತಿ ಕಾಲೇಜು ಆಡಿ ಬಂದವನು, ಆ ಲೀಗಿನಲ್ಲೇ ಎರಡನೇ ವರ್ಷ. ಅವನಿಗೆ ಚೆಂಡು ಎಸೆಯುತ್ತಿದ್ದವರಲ್ಲಿ ಎಷ್ಟೋ ಜನ ಇಪ್ಪತ್ತು, ಇಪ್ಪತ್ತೊಂದರ ಹುಡುಗರು. ವೇಗ ಇತ್ತು, ಕರ್ವ್ ಬಾಲ್ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಕಷ್ಟಕ್ಕೆ ಸಿಕ್ಕಾಗ ನೇರ ಫಾಸ್ಟ್‌ಬಾಲ್ ಹಾಕುತ್ತಿದ್ದರು, ಇವನು ಅದನ್ನು ಹೊರಗೆ ಕಳಿಸುತ್ತಿದ್ದ. ನಾನು ಕೊಟ್ಟ ಹುಡುಗ ಇದಕ್ಕೆ ತಲೆಕೆಳಗು. ಇಪ್ಪತ್ತಕ್ಕೇ ಡಬಲ್-ಎ. ಎದುರಿಗಿದ್ದವರು ತನಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಅಲ್ಲಿ .250 ಹೊಡೆದು ಮುಳುಗದೆ ನಿಂತಿದ್ದಾನಲ್ಲ, ಅದೇ ದೊಡ್ಡ ಸುದ್ದಿ. ನನ್ನ ಎಕ್ಸೆಲ್‌ಗೆ ಅದು ಕಾಣಲಿಲ್ಲ. ಡಬಲ್-ಎ ನಿಜವಾದ ಜರಡಿ. ಬ್ಯಾಟರ್ ಫಾಸ್ಟ್‌ಬಾಲ್ ಕಾಯುತ್ತಿರುವಾಗ ಧೈರ್ಯವಾಗಿ ಚೇಂಜ್‌ಅಪ್ (ಫಾಸ್ಟ್‌ಬಾಲ್‌ನಂತೆ ಕಂಡು ನಿಧಾನವಾಗಿ ಬರುವ ಚೆಂಡು) ಹಾಕುವ ಪಿಚರ್‌ಗಳು ಹೆಚ್ಚಾಗಿ ಸಿಗುವುದು ಅಲ್ಲಿಂದ.

ಆಮೇಲೆ ಊರು. ಲ್ಯಾಂಕಾಸ್ಟರ್ ಇರುವುದು ಮೊಹಾವಿ ಮರುಭೂಮಿಯ ಅಂಚಿನಲ್ಲಿ, ಎರಡು ಸಾವಿರ ಅಡಿಗಿಂತ ಎತ್ತರದಲ್ಲಿ. ಒಣ ಗಾಳಿ, ಅದೂ ಮೈದಾನದಿಂದ ಹೊರಕ್ಕೆ ಬೀಸುವ ಗಾಳಿ. ಬೇರೆ ಕಡೆ ಕ್ಯಾಚ್ ಆಗುವ ಚೆಂಡು ಅಲ್ಲಿ ಬೇಲಿ ದಾಟುತ್ತಿತ್ತು. ನಾನು ಚಿನ್ನಸ್ವಾಮಿಯಲ್ಲಿ ಕ್ರಿಕೆಟ್ ನೋಡಿ ಬೆಳೆದವನು. ಬೌಂಡರಿ ಹತ್ತಿರ, ಬೆಂಗಳೂರು ಸಮುದ್ರದಿಂದ 900 ಮೀಟರ್ ಮೇಲೆ, ಅಲ್ಲಿನ ಸಿಕ್ಸರ್‌ಗೂ ಬೇರೆ ಕಡೆಯ ಸಿಕ್ಸರ್‌ಗೂ ಒಂದೇ ಬೆಲೆ ಅಲ್ಲ ಅಂತ ಚಿಕ್ಕ ವಯಸ್ಸಿನಲ್ಲೇ ಗೊತ್ತಿತ್ತು. ಆದರೂ ಅವನ ತವರಿನ ಅಂಕಿ ಬೇರೆ, ಹೊರಗಿನ ಅಂಕಿ ಬೇರೆ ಮಾಡಿ ನೋಡಲಿಲ್ಲ. ಟ್ರೇಡ್ ಮುಗಿದ ಮೇಲೆ ನೋಡಿದೆ. ಹೊರಗಿನ ಊರುಗಳಲ್ಲಿ ಅವನು ಸಾಧಾರಣ ಬ್ಯಾಟರ್.

ಇನ್ನೂ ಒಂದು ಮಾತಿದೆ, ಅದು ಇವತ್ತಿಗೂ ನೋಯುತ್ತದೆ. ಆ ಮೇ ತಿಂಗಳಲ್ಲಿ ಲ್ಯಾಂಕಾಸ್ಟರ್ ತಂಡ ಸ್ಯಾನ್ ಹೋಸೆಗೆ ಬಂದಿತ್ತು. ಮೂರು ಸಂಜೆ ಅವನನ್ನು ಕಣ್ಣಾರೆ ನೋಡಿದೆ. ಕೊನೆಯಲ್ಲಿ ಪಕ್ಕಕ್ಕೆ ತಿರುಗಿ ಹೊರಗೆ ಬೀಳುವ ಸ್ಲೈಡರ್ ಚೆಂಡಿಗೆ ಮತ್ತೆ ಮತ್ತೆ ಬ್ಯಾಟ್ ಬೀಸಿ ಔಟಾದ. ಪಕ್ಕದ ಸೀಟಿನ ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು. ನಾನು ಮಾತ್ರ ಬಸ್ ಪ್ರಯಾಣದ ಸುಸ್ತು ಇರಬೇಕು ಅಂದುಕೊಂಡೆ. ಎಕ್ಸೆಲ್ ನಂಬಿದೆ, ಕಣ್ಣು ನಂಬಲಿಲ್ಲ. ಎಕ್ಸೆಲ್‌ನಲ್ಲೂ ಅದು ಇತ್ತು. ನಾಲ್ಕು ಸಲ ಬ್ಯಾಟ್ ಹಿಡಿದರೆ ಒಂದು ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಪುಕ್ಕಟೆ ಮೊದಲ ಬೇಸ್‌ಗೆ ಹೋಗುವುದು) ಅಂತೂ ಅಪರೂಪ. ಆ ಕಾಲಂ ಕೊನೆಯಲ್ಲಿತ್ತು, ನಾನು ಅಲ್ಲಿವರೆಗೆ ಹೋಗಲಿಲ್ಲ.

ಆಲ್ಟೂವೆ .408 ಹೊಡೆದಾಗ ಅವನಿಗೆ ಇಪ್ಪತ್ತೊಂದು ಆಗಷ್ಟೇ ತುಂಬಿತ್ತು. ಚೆಂಡಿಗೆ ಬ್ಯಾಟ್ ತಾಗಿಸದೆ ಬಿಡುತ್ತಿದ್ದದ್ದು ಕಡಿಮೆ. ಲ್ಯಾಂಕಾಸ್ಟರ್ ಬಿಟ್ಟು ಕಾರ್ಪಸ್ ಕ್ರಿಸ್ಟಿಗೆ, ಡಬಲ್-ಎಗೆ ಹೋದ ಮೇಲೂ .361 ಹೊಡೆದ. ಇಷ್ಟೆಲ್ಲ ಇದ್ದರೂ ನಾನು ಅವನಿಂದ ಕಲಿತದ್ದು ಊರಿನ ಹೆಸರನ್ನು ಮಾತ್ರ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಅಂಕಿಗೆ ಎಷ್ಟು ತೂಕ ಅನ್ನುವುದು ಆಮೇಲಿನ ಮಾತು. ಊರಿಗೊಂದು ಸೇರು ಇರುವಾಗ ಬರೀ ಸೇರಿನ ಲೆಕ್ಕ ಹಿಡಿದು ಏನು ಮಾಡುತ್ತೀರಿ? ಮೈನರ್ ಲೀಗ್ ತಂಡವಿರುವ ಆಲ್ಬುಕರ್ಕಿ ಊರು ಐದು ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿನ ಹೋಮ್ ರನ್ನನ್ನೂ ಸಮುದ್ರದ ಪಕ್ಕದ ಊರಿನ ಹೋಮ್ ರನ್ನನ್ನೂ ಒಂದೇ ಕಾಲಂನಲ್ಲಿ ಕೂಡಿಸಬೇಡಿ.

ಪ್ರಾಸ್ಪೆಕ್ಟ್, ಅಂದರೆ ಭರವಸೆಯ ಹುಡುಗರ ಪಟ್ಟಿಗಳನ್ನು ನೋಡಿ, ಆದರೆ ಅದರ ಮೇಲೆ ಮನೆ ಕಟ್ಟಬೇಡಿ. ಬ್ರ್ಯಾಂಡನ್ ವುಡ್ 2005ರಲ್ಲಿ ಇಪ್ಪತ್ತರ ವಯಸ್ಸಿಗೆ, ಅದೇ ಕ್ಯಾಲಿಫೋರ್ನಿಯಾ ಲೀಗಿನಲ್ಲಿ 43 ಹೋಮ್ ರನ್ ಹೊಡೆದ. ಮರುವರ್ಷ ಬೇಸ್‌ಬಾಲ್ ಅಮೆರಿಕಾ ಪತ್ರಿಕೆಯ ಪಟ್ಟಿಯಲ್ಲಿ ಮೂರನೆಯವನು. ಮೇಜರ್ ಲೀಗಿನಲ್ಲಿ ಅವನ ಸರಾಸರಿ .186ಕ್ಕೆ ನಿಂತಿತು. ವಯಸ್ಸು ಚೆನ್ನಾಗಿತ್ತು, ಸ್ಟ್ರೈಕ್‌ಔಟ್ ಮೊದಲಿಂದಲೂ ಜಾಸ್ತಿ ಇತ್ತು. ಹುವಾನ್ ಸೋಟೊ ಹತ್ತೊಂಬತ್ತಕ್ಕೇ, 2018ರ ಒಂದೇ ವಸಂತದಲ್ಲಿ ಮೂರು ಮೆಟ್ಟಿಲು ಹತ್ತಿ ಮೇ 20ಕ್ಕೆ ಮೇಜರ್ ಲೀಗ್ ಆಡಿದ. ಕೆಟ್ಟ ಚೆಂಡನ್ನು ಬಿಡುವ ಆ ತಾಳ್ಮೆ ಅವನು ಕೆಳಗಿದ್ದಾಗಲೇ ಇತ್ತು.

ಪಿಚರ್‌ಗಳ ಇಆರ್‌ಎ ಕಾಲಂ ಅಳಿಸಿಬಿಡಿ. ಮೈನರ್ ಲೀಗ್ ಇರುವುದು ಗೆಲ್ಲುವುದಕ್ಕಲ್ಲ, ಕಲಿಯುವುದಕ್ಕೆ. ಈ ತಿಂಗಳು ಚೇಂಜ್‌ಅಪ್ ಜಾಸ್ತಿ ಹಾಕು ಅಂತ ತಂಡವೇ ಹೇಳಿರುತ್ತದೆ, ಅವನು ಹೊಡೆಸಿಕೊಳ್ಳುತ್ತಾನೆ. ಸ್ಟ್ರೈಕ್‌ಔಟ್ ಎಷ್ಟು, ವಾಕ್ ಎಷ್ಟು ಅಂತ ನೋಡಿದರೆ ಸಾಕು. ಅದಾದ ಮೇಲೂ ಮೊಣಕೈ ಶಸ್ತ್ರಚಿಕಿತ್ಸೆಗೆ ಒಂದು ವರ್ಷ ಹೋದೀತು. ನಾನಂತೂ ಇಬ್ಬರಿಗಿಂತ ಜಾಸ್ತಿ ಪಿಚರ್‌ಗಳನ್ನು ಇಟ್ಟುಕೊಳ್ಳುವುದಿಲ್ಲ.

ನಿಮಗೆ ನನಗಿಲ್ಲದ ಒಂದು ಅನುಕೂಲ ಇದೆ. 2023ರಿಂದ ಟ್ರಿಪಲ್-ಎ (ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ಹಂತ) ಆಟಗಳ ಸ್ಟ್ಯಾಟ್‌ಕಾಸ್ಟ್, ಅಂದರೆ ಚೆಂಡಿನ ವೇಗ, ದಾರಿ ಅಳೆಯುವ ವ್ಯವಸ್ಥೆಯ ಅಂಕಿ, ಎಲ್ಲರಿಗೂ ಸಿಗುತ್ತದೆ. ಚೆಂಡು ಬ್ಯಾಟಿನಿಂದ ಎಷ್ಟು ವೇಗವಾಗಿ ಹೊರಟಿತು ಅನ್ನುವುದಕ್ಕೆ ಗಾಳಿಯ ಹಂಗಿಲ್ಲ. ಅದನ್ನು ಬಳಸಿ.

ಈಗ ಹೋಗಿ ಎಕ್ಸೆಲ್‌ನಲ್ಲಿ ಹುಟ್ಟಿದ ದಿನದ ಕಾಲಂ ಮೊದಲು ಹಾಕಿ. ಡಬಲ್-ಎಯಲ್ಲಿ ಇಪ್ಪತ್ತರ ಹುಡುಗ ಇದ್ದರೆ, ಅವನ ಸರಾಸರಿ .240 ಆಗಿದ್ದರೂ ಈ ಸೀಸನ್ ಮುಗಿಯುವ ತನಕ ಯಾರಿಗೂ ಕೊಡಬೇಡಿ. ಅಂಥವರ ಹೆಸರು ಇಲ್ಲಿ ಬರೆಯಿರಿ, ಅವರ ವಾಕ್, ಸ್ಟ್ರೈಕ್‌ಔಟ್ ಲೆಕ್ಕ ನಾನೂ ಕೂತು ನೋಡುತ್ತೇನೆ.