ಸಬಾ ದ್ವೀಪದಲ್ಲಿ ಓಡಾಡೋಕೆ ಕಾರ್ ಬೇಕಾ?

ಕೆರಿಬಿಯನ್‌ನ ಸಬಾ ದ್ವೀಪಕ್ಕೆ ಮೂರು ದಿನಕ್ಕೆ ಹೊರಟಿದ್ದೇವೆ, ವಿಮಾನ ಹತ್ತಬೇಕಾ ಫೆರ್ರಿ ಹತ್ತಬೇಕಾ, ಅಲ್ಲಿ ಕಾರ್ ಬಾಡಿಗೆಗೆ ತಗೋಬೇಕಾ ಅಂತ ಕೇಳಿದ್ದೀರಿ. ನಾನು ಹೋಗಿ ಬಂದಿದ್ದೇನೆ. ನನ್ನ ಮಾತು ಕೇಳುವುದಾದರೆ ಹೋಗುವಾಗ ವಿಮಾನ, ಬರುವಾಗ ಫೆರ್ರಿ. ಕಾರ್ ಬೇಡವೇ ಬೇಡ.

ಇಡೀ ದ್ವೀಪ ಸುಮಾರು 13 ಚದರ ಕಿಲೋಮೀಟರ್. ಸಮುದ್ರದ ಮಧ್ಯೆ ನೆಟ್ಟಗೆ ಎದ್ದು ನಿಂತ ಜ್ವಾಲಾಮುಖಿ ಬೆಟ್ಟ ಅದು. ಸಮತಟ್ಟಾದ ಜಾಗ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿಯೇ ವಿಮಾನದ ರನ್‌ವೇ ಬರೀ 400 ಮೀಟರ್ ಇದೆ. ಓಟದ ಮೈದಾನದ ಒಂದು ಸುತ್ತು ಎಷ್ಟೋ ಅಷ್ಟೇ! ಎರಡೂ ತುದಿಯಲ್ಲಿ ಪ್ರಪಾತ, ಕೆಳಗೆ ಸಮುದ್ರ. ಜೆಟ್ ವಿಮಾನ ಇಳಿಯುವ ಮಾತೇ ಇಲ್ಲ. ಹತ್ತಿರದ ಸಿಂಟ್ ಮಾರ್ಟನ್ ದ್ವೀಪದಿಂದ ಟ್ವಿನ್ ಆಟರ್ ಅನ್ನುವ ಪುಟ್ಟ ವಿಮಾನ ಹೋಗುತ್ತದೆ. ಕಾಲು ಗಂಟೆಯ ದಾರಿ. ಇಳಿಯುವ ಮುಂಚೆ ಬಂಡೆಗಳು ಕಿಟಕಿಗೆ ತೀರಾ ಹತ್ತಿರ ಬರುತ್ತವೆ. ಚಕ್ರ ನೆಲಕ್ಕೆ ತಾಗಿದ ಕೂಡಲೇ ಪ್ರೊಪೆಲರ್ ಜೋರಾಗಿ ಮೊರೆಯುತ್ತದೆ, ವಿಮಾನ ಗಕ್ಕನೆ ನಿಲ್ಲುತ್ತದೆ. ಹೆದರಬೇಡಿ, ಇಲ್ಲಿ ಇಳಿಸಲು ಬೇರೆ ತರಬೇತಿ ಪಡೆದ ಪೈಲಟ್‌ಗಳೇ ಬರುತ್ತಾರೆ.

ಫೆರ್ರಿಗೆ ಒಂದೂವರೆ ಗಂಟೆ ಆಸುಪಾಸು ಬೇಕು. ಅಲೆ ಜಾಸ್ತಿ ಇದ್ದರೆ ಹೊಟ್ಟೆ ತೊಳಸುತ್ತದೆ, ಮಾತ್ರೆ ಇಟ್ಟುಕೊಳ್ಳಿ.

ನಿಜವಾಗಿ ನೋಡಬೇಕಾದದ್ದು ಅಲ್ಲಿನ ರಸ್ತೆ. ಒಂದು ಕಾಲದಲ್ಲಿ ಲ್ಯಾಡರ್ ಬೇಯಲ್ಲಿ ದೋಣಿಯಿಂದ ಇಳಿದ ಸಾಮಾನನ್ನೆಲ್ಲ ಬಂಡೆಯಲ್ಲಿ ಕಡೆದ ಸುಮಾರು 800 ಮೆಟ್ಟಿಲ ಮೇಲೆ ಜನ ಹೊತ್ತು ತರುತ್ತಿದ್ದರು. ದ್ವೀಪ ನೆದರ್ಲೆಂಡ್ಸ್‌ಗೆ ಸೇರಿದ್ದು; ಇಲ್ಲಿ ರಸ್ತೆ ಆಗಲ್ಲ ಅಂತ ಡಚ್ ಎಂಜಿನಿಯರ್‌ಗಳು ಹೇಳಿಬಿಟ್ಟರು. ಆಗ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಅನ್ನುವ ಸ್ಥಳೀಯರೊಬ್ಬರೇ ಅಂಚೆ ಮೂಲಕ ಎಂಜಿನಿಯರಿಂಗ್ ಕಲಿತರು. 1938ರಲ್ಲಿ ಕೆಲಸ ಶುರುವಾಯಿತು. ಯಂತ್ರ ಇಲ್ಲ, ಊರವರ ಕೈಯೇ ಎಲ್ಲ. 1947ರಲ್ಲಿ ಮೊದಲ ಜೀಪ್ ಬಂತು. ಫೋರ್ಟ್ ಬೇ ಬಂದರಿನಿಂದ ದಿ ಬಾಟಮ್ ಊರಿಗೆ ಏರುವಾಗ ಪಕ್ಕದ ಕಲ್ಲಿನ ಗೋಡೆ ಗಮನಿಸಿ. ಒಂದೊಂದು ಕಲ್ಲನ್ನೂ ಜನ ಕೈಯಲ್ಲೇ ಕೂರಿಸಿದ್ದು. ನನಗಂತೂ ಅದನ್ನು ನೋಡಿ ಕೈ ಮುಗಿಯಬೇಕು ಅನ್ನಿಸಿತು.

ಆ ರಸ್ತೆ ಕಡಿದಾದದ್ದು, ಇಕ್ಕಟ್ಟು, ತಿರುವಿನ ಮೇಲೆ ತಿರುವು. ಗಾಡಿ ಓಡಿಸುವುದು ಬಲಗಡೆ. ನಮ್ಮ ಕಡೆಯ ಅಭ್ಯಾಸ ಇದ್ದವರಿಗೆ ಕಣ್ಣೆಲ್ಲ ಸ್ಟೀರಿಂಗ್ ಮೇಲೇ ಇರುತ್ತದೆ, ಹೊರಗೆ ನೋಡೋಕೆ ಆಗಲ್ಲ. ಬಸ್ ಇಲ್ಲ. ಟ್ಯಾಕ್ಸಿ ಇದೆ, ಉಳಿದುಕೊಳ್ಳುವ ಕಡೆ ಹೇಳಿದರೆ ಕರೆಸಿಕೊಡುತ್ತಾರೆ. ಚಾಲಕರು ದಾರಿಯುದ್ದಕ್ಕೂ ಊರಿನ ಕಥೆ ಹೇಳುತ್ತಾರೆ. ರಸ್ತೆ ಬದಿ ನಿಂತು ಕೈ ತೋರಿಸಿದರೂ ಅಲ್ಲಿನವರು ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾರೆ, ಅದು ಅಲ್ಲಿ ಮಾಮೂಲು.

ರೂಮ್ ವಿಂಡ್‌ವರ್ಡ್‌ಸೈಡ್ ಅನ್ನುವ ಊರಲ್ಲಿ ಮಾಡಿ. ಅಂಗಡಿ, ಹೋಟೆಲ್ ಎಲ್ಲ ನಡೆದು ಹೋಗುವಷ್ಟು ಹತ್ತಿರ. ದ್ವೀಪದ ಶಿಖರ ಮೌಂಟ್ ಸೀನರಿಗೆ ಹತ್ತುವ ಸಾವಿರಕ್ಕೂ ಜಾಸ್ತಿ ಮೆಟ್ಟಿಲು ಅಲ್ಲಿಂದಲೇ ಶುರು. ಸಿಂಟ್ ಮಾರ್ಟನ್, ಸಬಾ ಎರಡೂ ಬೇರೆ ಬೇರೆ ಆಡಳಿತ, ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಚಲಾವಣೆ ಅಮೆರಿಕನ್ ಡಾಲರ್, ಟ್ಯಾಕ್ಸಿಗೆ ಸ್ವಲ್ಪ ಚಿಲ್ಲರೆ ನೋಟು ಇರಲಿ.