ಅವಾಟಿಮೆ ಭಾಷೆಯ ‘ಕ್ಪ’: ಒಂದು ವ್ಯಂಜನವೋ ಎರಡೋ?

ಅವಾಟಿಮೆ ಭಾಷೆಯ ಧ್ವನಿಮುದ್ರಣ ಕೇಳಿ ಬರೆದುಕೊಳ್ಳುವಾಗ ‘ಕ್ಪ’ ಒಂದೇ ವ್ಯಂಜನವೋ ಎರಡೋ ಗೊತ್ತಾಗುತ್ತಿಲ್ಲ ಎಂದು ಕೇಳಿದ್ದೀರಿ. ಅದೇ ಧ್ವನಿ ನಿಮಗೆ ಒಮ್ಮೆ ಬರೀ ‘ಪ’, ಇನ್ನೊಮ್ಮೆ ‘ಕ್’ ಸೇರಿದ ‘ಪ’ ಅಂತ ಕೇಳಿಸುತ್ತಿರುವುದಕ್ಕೆ ಕಾರಣ ಬಹುಶಃ ಮೈಕ್ ಅಲ್ಲ, ಕನ್ನಡದ ಕಿವಿ. ನಾವು ಅದನ್ನು ಒತ್ತಕ್ಷರವಾಗಿ ಬಿಡಿಸಿಕೊಳ್ಳುತ್ತೇವೆ. ಘಾನಾದ ವೋಲ್ಟಾ ಪ್ರಾಂತ್ಯದ ಈ ಭಾಷೆಯಲ್ಲಿ ಅದು ಒಂದೇ ವ್ಯಂಜನ. ಪಕ್ಕದ ಎವೆ ಭಾಷೆಯಲ್ಲೂ ಹಾಗೇ. ನಾಲಿಗೆಯ ಹಿಂಭಾಗವೂ ತುಟಿಗಳೂ ಹೆಚ್ಚುಕಮ್ಮಿ ಒಟ್ಟಿಗೇ ಮುಚ್ಚುತ್ತವೆ. ನಾಲಿಗೆ ಒಂದು ಕೂದಲೆಳೆ ಮೊದಲು ಮುಚ್ಚುತ್ತದೆ, ತುಟಿ ಕೊನೆಗೆ ತೆರೆಯುತ್ತದೆ. ಹಾಗಾಗಿ ‘ಕ’ದ ಸುಳಿವು ಹಿಂದಿನ ಸ್ವರದ ಬಾಲದಲ್ಲಿ, ‘ಪ’ದ ಸುಳಿವು ಮುಂದಿನ ಸ್ವರದ ಆರಂಭದಲ್ಲಿ.

ಮಾತಿನ ಮೊದಲಲ್ಲೇ ಬರುವ ‘ಕ್ಪ’ಗಳನ್ನು ಸದ್ಯ ಪಕ್ಕಕ್ಕಿಡಿ, ಅಲ್ಲಿ ಅರ್ಧ ಸುಳಿವೇ ಇರುವುದಿಲ್ಲ. ಎರಡು ಸ್ವರಗಳ ನಡುವಿನದನ್ನು ಹಿಡಿಯಿರಿ. ಅಲ್ಲಿನ ಬಿಯಾಕ್ಪ ಅನ್ನುವ ಊರ ಹೆಸರೇ ಸಾಕು. ಧ್ವನಿಮುದ್ರಣವನ್ನು ಪ್ರಾಟ್ (ಧ್ವನಿ ವಿಶ್ಲೇಷಣೆಯ ತಂತ್ರಾಂಶ) ಅಲ್ಲಿ ತೆರೆಯಿರಿ, ಬಾಯಿ ಮುಚ್ಚಿರುವ ಅವಧಿಯನ್ನು ಅಳೆಯಿರಿ, ಅದೇ ವ್ಯಕ್ತಿಯ ಬರೀ ‘ಕ’, ‘ಪ’ಗಳ ಜೊತೆ ಹೋಲಿಸಿ. ಹತ್ತಿರ ಹತ್ತಿರ ಬಂದರೆ ಒಂದೇ ವ್ಯಂಜನ; ಸುಮಾರು ದುಪ್ಪಟ್ಟಾದರೆ ನನ್ನ ಮಾತನ್ನು ಅನುಮಾನಿಸಿ. ಫಾರ್ಮಂಟ್‌ಗಳನ್ನೂ (ಸ್ವರದಲ್ಲಿ ಬಾಯಿಯ ಆಕಾರಕ್ಕೆ ತಕ್ಕಂತೆ ಬಲಗೊಳ್ಳುವ ಆವರ್ತನಗಳನ್ನು) ನೋಡಬಹುದು, ಆದರೆ ಗದ್ದಲದ ಧ್ವನಿಮುದ್ರಣದಲ್ಲಿ ಅವನ್ನು ನಂಬುವುದು ಕಷ್ಟ. ಮುಂದಿನ ಸಲ ಮಾತಾಡುವವರ ಒಪ್ಪಿಗೆ ಪಡೆದು ತುಟಿಯ ವಿಡಿಯೊ ಮಾಡಿಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಾಮಪದದ ಮುಂದಿನ ಪೂರ್ವಪ್ರತ್ಯಯದ ಸ್ವರ ಬದಲಾಗುತ್ತಿದೆ ಅಂದಿರಲ್ಲ, ಅದನ್ನು ತಿದ್ದಬೇಡಿ. ಈ ಭಾಷೆಯ ಒಂಬತ್ತು ಸ್ವರಗಳು ನಾಲಿಗೆಯ ಬುಡ ಮುಂದೆ ಸರಿಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಎರಡು ಗುಂಪು. ಪೂರ್ವಪ್ರತ್ಯಯದ ಸ್ವರ ಧಾತುವಿನ, ಅಂದರೆ ಪದದ ಮೂಲರೂಪದ, ಸ್ವರಗಳ ಗುಂಪನ್ನೇ ಅನುಸರಿಸುತ್ತದೆ. ಕೇಳಿಸಿದ ಹಾಗೇ ಬರೆದಿಡಿ.